ಲಾಂಛನವೂ ಒಳಗಿನ ಸರಕೂ

ಬಾಲಾನಗರದಲ್ಲಿ ಅಚ್ಚು ಕೊರೆಯುವ ವಿದ್ಯೆಯನ್ನು ಬಲ್ಲವರಿಗೆ ಕೊರತೆಯಿಲ್ಲ. ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯು 1968ರಿಂದ ಇಲ್ಲಿಯೇ ಇದೆ. ಮಾತ್ರೆಯ ಮೇಲೆ ತಗ್ಗಾಗಿ ಮೂಡಿರುವ ಅಕ್ಷರವನ್ನು ಅನಂತರ ಬರೆದಿರುವುದಿಲ್ಲ, ಪುಡಿಯನ್ನು ಒತ್ತುವ ಅಚ್ಚಿನಲ್ಲಿಯೇ ಕೊರೆದಿರುತ್ತಾರೆಂಬುದು ಅವರಿಗೆ ತಿಳಿದ ಸಂಗತಿ. ಗಣಕಯಂತ್ರದ ಪ್ರೋಗ್ರಾಮಿಗೆ ಐಕಾನ್ ಎಂಬ ಪುಟ್ಟ ಚಿತ್ರವನ್ನು ಸೇರಿಸುವ ಕ್ರಮವೂ ಬಹುಮಟ್ಟಿಗೆ ಇಂತಹುದೇ.

ವಿಂಡೋಸ್ ವ್ಯವಸ್ಥೆಯನ್ನು ತೆಗೆದುಕೊಳ್ಳೋಣ. ಒಂದೇ ಚಿತ್ರವನ್ನು 16, 32, 48, 256 ಪಿಕ್ಸೆಲ್ ಅಳತೆಗಳಲ್ಲಿ ಬರೆದು ಒಂದೇ ಐಕಾನ್ ಕಡತದಲ್ಲಿ ಇರಿಸುತ್ತಾರೆ. ಒಂದೇ ಅಳತೆಯದಿದ್ದರೆ ಹಿಗ್ಗಿಸಿದಾಗ ಚಿತ್ರ ಮಸುಕಾಗುತ್ತದೆ. ಪ್ರೋಗ್ರಾಮಿನ ಸಂಪನ್ಮೂಲಗಳ ಪಟ್ಟಿಯಲ್ಲಿ ಆ ಕಡತದ ಹೆಸರನ್ನು ಒಂದು ಸಾಲಿನಲ್ಲಿ ಬರೆದರಾಯಿತು. ರಿಸೋರ್ಸ್ ಕಂಪೈಲರ್ ಎಂಬ ಸಾಧನವು ಅದನ್ನು ಯಂತ್ರಕ್ಕೆ ಒಗ್ಗುವ ರೂಪಕ್ಕೆ ತರುತ್ತದೆ. ಲಿಂಕರ್ ಅದನ್ನು ಉಳಿದ ಭಾಗಗಳೊಡನೆ ಬೆಸೆಯುತ್ತದೆ. ಆಮೇಲೆ ಪ್ರೋಗ್ರಾಮನ್ನು ಎಲ್ಲಿಗೆ ಒಯ್ದರೂ ಚಿತ್ರವು ಜೊತೆಗೇ ಬರುತ್ತದೆ. ಪರದೆಯ ಮೇಲಿನ ಶಾರ್ಟ್‌ಕಟ್ಟಿನ ಚಿತ್ರವನ್ನು ಬದಲಿಸುವುದು ಬೇರೆ ಮಾತು. ಅದು ಸೀಸೆಗೆ ಚೀಟಿ ಅಂಟಿಸಿದಂತೆ.

ಆದರೆ ಮಾತ್ರೆಯ ಹೋಲಿಕೆ ಇಲ್ಲಿಂದ ಮುಂದಕ್ಕೆ ಸಾಗದು. ಸಿದ್ಧವಾದ ಪ್ರೋಗ್ರಾಮಿನ ಐಕಾನನ್ನು, ಅದರ ಮೂಲ ಬರಹ ಕೈಯಲ್ಲಿಲ್ಲದೆಯೂ, ತೆಗೆದು ಬೇರೊಂದನ್ನು ಕೂರಿಸಬಹುದು. ಅದಕ್ಕೆ ವಿಂಡೋಸಿನಲ್ಲಿಯೇ ಏರ್ಪಾಡಿದೆ. ಚಿತ್ರ ಯಾರದೆಂದು ಕಂಪೈಲರ್ ಕೇಳುವುದಿಲ್ಲ. ಬ್ಯಾಂಕಿನ ಲಾಂಛನವನ್ನು ಅದರ ಜಾಲತಾಣದಿಂದಲೇ ನಕಲು ಮಾಡಿಕೊಳ್ಳಬಹುದಷ್ಟೆ! ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನಂಥವನಿಗೆ ಇದು ಬರಿಯ ಚಿತ್ರದ ವಿಷಯವಾಗಿ ಕಾಣುವುದಿಲ್ಲ.

ಇದಕ್ಕೆ ತಡೆಯೆಂದರೆ ಡಿಜಿಟಲ್ ಸಹಿ. ಸಹಿಯಾದ ಪ್ರೋಗ್ರಾಮಿನ ಐಕಾನನ್ನು ಬದಲಿಸಿದರೆ ಸಹಿಯ ತಾಳೆ ತಪ್ಪುತ್ತದೆ. ಆಂಡ್ರಾಯ್ಡ್ ಫೋನಿನ ಎಪಿಕೆ ಕಡತಗಳಿಗೂ ಸಹಿ ಕಡ್ಡಾಯವೇ; ಆದರೆ ಆ ಸಹಿಯ ಕೀಲಿಯನ್ನು ಯಾರು ಬೇಕಾದರೂ ತಾವೇ ಸೃಷ್ಟಿಸಿಕೊಳ್ಳಬಹುದಾದ್ದರಿಂದ, ಸಹಿ ಇದೆಯೆಂದ ಮಾತ್ರಕ್ಕೆ ಅದು ಬ್ಯಾಂಕಿನದಾಗದು. ಆದ್ದರಿಂದ ಸಾಮಾನ್ಯರು ನೋಡಬೇಕಾದದ್ದು ಕಡತ ಬಂದ ದಾರಿಯನ್ನು. ನವೆಂಬರ್ ಬಂದೊಡನೆ ನಮ್ಮ ಹಿರಿಯರಿಗೆ ಪಿಂಚಣಿಯ ಜೀವನ ಪ್ರಮಾಣಪತ್ರದ ಚಿಂತೆ ಹತ್ತುತ್ತದೆ. ಆಗ ವಾಟ್ಸಾಪಿನಲ್ಲಿ ಪರಿಚಿತ ಲಾಂಛನವನ್ನು ಹೊತ್ತು ಬರುವ ಎಪಿಕೆ ಕಡತವನ್ನು ತೆರೆಯಕೂಡದು. ಬ್ಯಾಂಕಿನ ಆ್ಯಪ್ ಬೇಕಿದ್ದಲ್ಲಿ ಬ್ಯಾಂಕಿನ ಜಾಲತಾಣದಲ್ಲಿರುವ ಕೊಂಡಿಯಿಂದಲೇ ಪ್ಲೇ ಸ್ಟೋರಿಗೆ ಹೋಗತಕ್ಕದ್ದು.

ಅಕಸ್ಮಾತ್ ಅಂತಹ ಕಡತವನ್ನು ಸ್ಥಾಪಿಸಿಬಿಟ್ಟಿದ್ದರೆ ಮೊದಲು ಫೋನಿನ ಅಂತರ್ಜಾಲ ಸಂಪರ್ಕವನ್ನು ಕಡಿಯಿರಿ. ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರವನ್ನು ತಡೆಹಿಡಿಸಿರಿ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಿರಿ. ಹಣವು ಮತ್ತೊಂದು ಖಾತೆಗೆ ದಾಟುವ ಮೊದಲೇ ಅದನ್ನು ತಡೆಯುವ ಪ್ರಯತ್ನ ಅಲ್ಲಿಂದ ಆರಂಭವಾಗುತ್ತದೆ.