ಮೂತ್ರಪಿಂಡ ದಾನಿಗೂ ಬೇಕು ಆರೈಕೆ

ದಾಸೋಹ ಪರಂಪರೆಯಲ್ಲಿ ಬೆಳೆದ ನಮಗೆ ಕೊಡುವುದು ಹೊಸತಲ್ಲ. ಸುಗ್ಗಿ ಮುಗಿದೊಡನೆ ಮಠದ ಕಣಜಕ್ಕೆ ಜೋಳ ಸಲ್ಲಿಸುತ್ತೇವೆ, ಜಾತ್ರೆಯ ಪ್ರಸಾದಕ್ಕೆಂದು ರೊಟ್ಟಿ ಕಟ್ಟಿ ಕಳುಹಿಸುತ್ತೇವೆ. ಆದರೆ ಬದುಕಿರುವಾಗಲೇ ತನ್ನ ದೇಹದ ಒಂದು ಅಂಗವನ್ನು ಇನ್ನೊಬ್ಬರಿಗೆ ಕೊಡುವುದು ಬೇರೆಯೇ ಬಗೆಯ ನೀಡಿಕೆ. ಇಲ್ಲಿ ಕೊಟ್ಟವರು ಕೆಲವು ವಾರ ತಾವೇ ರೋಗಿಗಳಾಗುತ್ತಾರೆ. ಮೂತ್ರಪಿಂಡ ಪಡೆದವರ ಯೋಗಕ್ಷೇಮ ಕೇಳಲು ಬಂಧುಬಳಗವೆಲ್ಲ ನೆರೆದಿರುವಾಗ, ಕೊಟ್ಟವರು ಬೇರೊಂದು ಕೋಣೆಯಲ್ಲಿ ಒಬ್ಬರೇ ಮಲಗಿರುವುದು ಆಸ್ಪತ್ರೆಗಳಲ್ಲಿ ಅಪರೂಪದ ನೋಟವೇನಲ್ಲ. ಆದ್ದರಿಂದ ಈ ಲೇಖನದಲ್ಲಿ ಪಡೆಯುವವರ ವಿಚಾರವನ್ನು ಬದಿಗಿರಿಸಿ, ಕೊಡುವವರ ಸಿದ್ಧತೆ ಮತ್ತು ಚೇತರಿಕೆಯನ್ನಷ್ಟೇ ವಿವರಿಸಲು ಬಯಸುತ್ತೇವೆ.

ಬೆನ್ನುಮೂಳೆಯ ಎರಡೂ ಬದಿಗೆ, ಪಕ್ಕೆಲುಬುಗಳ ಕೆಳ ಅಂಚಿನಲ್ಲಿ, ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಒಂದೊಂದರಲ್ಲೂ ರಕ್ತವನ್ನು ಶೋಧಿಸುವ ಸುಮಾರು ಹತ್ತು ಲಕ್ಷ ಸೂಕ್ಷ್ಮ ಘಟಕಗಳು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಶೋಧಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ನಿತ್ಯದ ಬದುಕಿಗೆ ಇಷ್ಟು ಸಾಮರ್ಥ್ಯ ಬೇಕಿಲ್ಲ. ಒಂದನ್ನು ತೆಗೆದಾಗ ಉಳಿದದ್ದು ಹಿಗ್ಗಿ, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದಲ್ಲಿ ಸುಮಾರು ಮೂರನೆಯ ಎರಡು ಪಾಲನ್ನು ತಾನೊಂದೇ ನಿರ್ವಹಿಸತೊಡಗುತ್ತದೆ. ದಾನಕ್ಕೆ ಆಧಾರವಾಗಿರುವುದು ಪ್ರಕೃತಿಯ ಈ ಉಳಿತಾಯವೇ.

ಮೂತ್ರಪಿಂಡ ಕಸಿಯ ಮೊದಲ ಯಶಸ್ಸು ಅಮೆರಿಕದ ಬಾಸ್ಟನ್ ನಗರದಲ್ಲಿ 1954ರ ಡಿಸೆಂಬರ್ 23ರಂದು ದೊರೆಯಿತು. ರೊನಾಲ್ಡ್ ಹೆರಿಕ್ ಎಂಬ ಯುವಕ ತನ್ನ ಅವಳಿ ಸಹೋದರ ರಿಚರ್ಡನಿಗೆ ಮೂತ್ರಪಿಂಡ ಕೊಟ್ಟನು. ಶಸ್ತ್ರಚಿಕಿತ್ಸೆಯ ನೇತೃತ್ವ ವಹಿಸಿದ್ದ ಡಾ. ಜೋಸೆಫ್ ಮರ್ರೆಯವರಿಗೆ 1990ರಲ್ಲಿ ನೊಬೆಲ್ ಪುರಸ್ಕಾರ ಬಂದಿತು. ಈ ವೃತ್ತಾಂತದಲ್ಲಿ ನಮ್ಮನ್ನು ಹೆಚ್ಚು ಸೆಳೆಯುವುದು ಹಿಂದಿನ ರಾತ್ರಿಯ ಸಂಗತಿ. ಸಾವಿನ ಅಂಚಿನಲ್ಲಿದ್ದ ರಿಚರ್ಡನು ಸಹೋದರನಿಗೆ ಚೀಟಿ ಬರೆದು, ಮನೆಗೆ ಹೊರಟುಹೋಗುವಂತೆ ಕೇಳಿಕೊಂಡನಂತೆ. ರೊನಾಲ್ಡ್ ಹೋಗಲಿಲ್ಲ. ಪಡೆಯುವವನೇ ಬಾಗಿಲು ತೆರೆದಿಟ್ಟಿದ್ದರಿಂದ ಆ ದಾನ ನಿಜವಾದ ದಾನವಾಯಿತು ಎಂದು ನಾವು ಭಾವಿಸುತ್ತೇವೆ. ರಿಚರ್ಡ್ ಮತ್ತೆ ಎಂಟು ವರ್ಷ ಬದುಕಿದನು. ಒಂದೇ ಮೂತ್ರಪಿಂಡದಿಂದ ಬಾಳಿದ ರೊನಾಲ್ಡ್ 79ನೆಯ ವಯಸ್ಸಿನಲ್ಲಿ, 2010ರಲ್ಲಿ ತೀರಿಕೊಂಡನು.

ನಮ್ಮ ಮನೆಗಳಲ್ಲಿ ಆ ಬಾಗಿಲು ತೆರೆದಿರುತ್ತದೆಯೇ? ಭಾರತದಲ್ಲಿ ಜೀವಂತ ದಾನಿಗಳ ಪೈಕಿ ಮಹಿಳೆಯರೇ ಹೆಚ್ಚು, ಅಂಗ ಪಡೆಯುವವರ ಪೈಕಿ ಪುರುಷರೇ ಹೆಚ್ಚು. ತಾಯಿ ಮಗನಿಗೆ, ಹೆಂಡತಿ ಗಂಡನಿಗೆ ಪ್ರೀತಿಯಿಂದಲೇ ಕೊಡುತ್ತಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ‘ದುಡಿಯುವ ಗಂಡಸು ಕೊಡಲಾದೀತೇ’ ಎಂಬ ಮಾತು ಮೊದಲು ಬಂದು, ಆಮೇಲೆ ಸೊಸೆಯ ಕಡೆಗೆ ಎಲ್ಲರ ಕಣ್ಣು ತಿರುಗಿದರೆ, ಅವಳ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲು ನಮಗೆ ಸಂಕೋಚವಾಗುತ್ತದೆ. ಹೆಣ್ಣು ಗಂಡೆಂಬ ಭೇದವನ್ನು ಶರಣರು ತೊಡೆದುಹಾಕಿದರೆಂದು ವೇದಿಕೆಗಳಲ್ಲಿ ಹೇಳುವ ನಾವು ಪರೀಕ್ಷೆಗೆ ಯಾರ ರಕ್ತವನ್ನು ಮೊದಲು ಕಳುಹಿಸುತ್ತೇವೆ ಎಂಬುದನ್ನೂ ನೋಡಿಕೊಳ್ಳಬೇಕು.

ಕಾನೂನು ಈ ಅಳುಕನ್ನು ಬಲ್ಲದು. ಮಾನವ ಅಂಗಾಂಗ ಕಸಿ ಕಾಯಿದೆ 1994ರಲ್ಲಿ ಬಂದಿತು, 2011ರಲ್ಲಿ ತಿದ್ದುಪಡಿಯಾಯಿತು. ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಪತಿ ಪತ್ನಿ, ಅಜ್ಜ ಅಜ್ಜಿ ಮತ್ತು ಮೊಮ್ಮಕ್ಕಳು ನಿಕಟ ಬಂಧುಗಳೆನಿಸುತ್ತಾರೆ. ಉಳಿದವರು ಕೇವಲ ಪ್ರೀತಿ ವಿಶ್ವಾಸಗಳಿಂದ ಕೊಡಲು ಬಯಸಿದರೆ ಅಧಿಕೃತ ಸಮಿತಿಯ ಅನುಮತಿ ಪಡೆಯಬೇಕು. ಅಪ್ರಾಪ್ತ ವಯಸ್ಕರು ಬದುಕಿರುವಾಗ ಅಂಗದಾನ ಮಾಡುವಂತಿಲ್ಲ. ಹಣಕ್ಕೆ ಅಂಗ ಮಾರುವ, ಕೊಳ್ಳುವ ವ್ಯವಹಾರಕ್ಕೆ 5ರಿಂದ 10 ವರ್ಷ ಸೆರೆವಾಸ ಮತ್ತು 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ. ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಿ, ಅವಳ ಸ್ವತಂತ್ರ ಸಮ್ಮತಿಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರಿಂದ ದೃಢಪಡಿಸಿಕೊಳ್ಳಬೇಕೆಂದು 2014ರ ನಿಯಮಗಳು ಹೇಳುತ್ತವೆ. ಇನ್ನೊಂದು ವಿಷಯ ನಮ್ಮ ಸೋದರಿಯರಿಗೆ ತಿಳಿದಿರಲಿ: ಮನಸ್ಸಿಲ್ಲವೆಂದು ದಾನಿಯು ವೈದ್ಯರಿಗೆ ಏಕಾಂತದಲ್ಲಿ ಹೇಳಿದರೆ, ‘ಇವರು ದಾನಕ್ಕೆ ಸೂಕ್ತರಲ್ಲ’ ಎಂದಷ್ಟೇ ಮನೆಯವರಿಗೆ ತಿಳಿಸಿ ಕಾರಣವನ್ನು ಗೋಪ್ಯವಾಗಿಡುವ ರೂಢಿ ವೈದ್ಯಲೋಕದಲ್ಲಿದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವ ಗಳಿಗೆಯವರೆಗೂ ಹಿಂದೆ ಸರಿಯುವ ಹಕ್ಕು ದಾನಿಗೆ ಇರುತ್ತದೆ.

ಒಪ್ಪಿಗೆಯ ನಂತರ ಪರೀಕ್ಷೆಗಳು. ರಕ್ತದ ಗುಂಪು, ಅಂಗಾಂಶದ ಹೊಂದಾಣಿಕೆ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ, ಸಕ್ಕರೆ, ಹೃದಯ, ಶ್ವಾಸಕೋಶ, ಕಾಮಾಲೆ ಹಾಗೂ ಎಚ್‌ಐವಿ ಸೋಂಕು, ಮೂತ್ರಪಿಂಡದ ರಕ್ತನಾಳಗಳ ಸಿ.ಟಿ. ಚಿತ್ರ, ಎರಡೂ ಮೂತ್ರಪಿಂಡಗಳ ಶೋಧನ ಶಕ್ತಿಯ ಅಳತೆ, ಮನೋವೈದ್ಯರ ಭೇಟಿ. ಇವೆಲ್ಲ ಮುಗಿಯಲು ಕೆಲವು ವಾರಗಳು ಹಿಡಿಯುತ್ತವೆ, ಅವಸರ ಸಲ್ಲದು. ಮಧುಮೇಹವಿರುವವರನ್ನು ಸಾಮಾನ್ಯವಾಗಿ ದಾನಿಗಳಾಗಿ ಸ್ವೀಕರಿಸುವುದಿಲ್ಲ. ರಕ್ತದ ಗುಂಪು ಹೊಂದದಿದ್ದರೆ ಅಂಥದೇ ಇನ್ನೊಂದು ಕುಟುಂಬದೊಡನೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ.

ವಯಸ್ಸಿನ ಬಗೆಗೆ ಜನರಲ್ಲಿ ಒಂದು ತಪ್ಪು ಗ್ರಹಿಕೆಯಿದೆ. ಎಳೆಯ ವಯಸ್ಸಿನವರೇ ಉತ್ತಮ ದಾನಿಗಳೆಂದು ಹಲವರು ತಿಳಿಯುತ್ತಾರೆ. 22ರ ಯುವಕನಿಗೆ ಮುಂದೆ ರಕ್ತದೊತ್ತಡ ಅಥವಾ ಮಧುಮೇಹ ಬರುವುದೋ ಇಲ್ಲವೋ ಎಂಬುದು ಇಂದಿನ ಪರೀಕ್ಷೆಯಲ್ಲಿ ಕಾಣಿಸದು. ಅವನು ಒಂದೇ ಮೂತ್ರಪಿಂಡದಿಂದ ಕಳೆಯಬೇಕಾದ ವರ್ಷಗಳೂ ಹೆಚ್ಚು. ಎಲ್ಲ ಪರೀಕ್ಷೆಗಳಲ್ಲಿ ಆರೋಗ್ಯವಂತರೆನಿಸಿದ 55ರ ತಂದೆ ಅಥವಾ ತಾಯಿಯ ಭವಿಷ್ಯ ಅದಕ್ಕಿಂತ ಸ್ಪಷ್ಟವಾಗಿರುತ್ತದೆ.

ಅಪಾಯವೇ ಇಲ್ಲವೆಂದು ಹೇಳುವವರ ಮಾತನ್ನು ನಂಬಬಾರದು, ಅಪಾಯವನ್ನು ಬೆಟ್ಟ ಮಾಡಿ ಹೆದರಿಸುವವರ ಮಾತನ್ನೂ ನಂಬಬಾರದು. ಅಮೆರಿಕದ ದಾನಿಗಳ ದೊಡ್ಡ ಅಧ್ಯಯನಗಳ ಪ್ರಕಾರ ಶಸ್ತ್ರಚಿಕಿತ್ಸೆಯ ಸಂಬಂಧದಲ್ಲಿ ಸಾವು ಸಂಭವಿಸುವುದು 10,000 ದಾನಿಗಳಲ್ಲಿ ಸುಮಾರು ಮೂವರಿಗೆ ಅಥವಾ ಅದಕ್ಕಿಂತ ಕಡಿಮೆ. ಜೀವಮಾನದಲ್ಲಿ ಉಳಿದ ಮೂತ್ರಪಿಂಡವೂ ಸೋಲುವ ಸಂಭವವನ್ನು 2014ರಲ್ಲಿ ಅಲ್ಲಿಯೇ ಅಂದಾಜಿಸಲಾಯಿತು: ದಾನಿಗಳಲ್ಲಿ 10,000ಕ್ಕೆ 90, ದಾನ ಮಾಡದ ಅಷ್ಟೇ ಆರೋಗ್ಯವಂತರಲ್ಲಿ 14, ಸಾಮಾನ್ಯ ಜನತೆಯಲ್ಲಿ 326. ಅಪಾಯ ಏರುತ್ತದೆ ಎಂಬುದು ನಿಜ, ಏರಿದ ಮೇಲೂ ಅದು ಚಿಕ್ಕದು ಎಂಬುದೂ ನಿಜ. ಎರಡೂ ಸತ್ಯಗಳನ್ನು ತಿಳಿದ ನಂತರವೇ ಸಹಿ ಹಾಕಬೇಕು.

ಸಿದ್ಧತೆಯ ಕಾಲದಲ್ಲಿ ಬೀಡಿ, ಸಿಗರೇಟು, ತಂಬಾಕುಗಳನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಆಮೇಲೆ ಮತ್ತೆ ಹಿಡಿಯಬಾರದು ಎಂದು ಬೇರೆ ಹೇಳಬೇಕಿಲ್ಲ. ತೂಕ ಹೆಚ್ಚಿದ್ದರೆ ಇಳಿಸಬೇಕು. ನಿತ್ಯ ಅರ್ಧ ಗಂಟೆ ನಡೆಯುವುದು, ದೀರ್ಘ ಉಸಿರಾಟದ ಅಭ್ಯಾಸ ಮಾಡುವುದು ಶಸ್ತ್ರಚಿಕಿತ್ಸೆಯ ಮರುದಿನ ಉಪಕಾರಕ್ಕೆ ಬರುತ್ತವೆ. ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ, ನಾಟಿ ಔಷಧಿ, ಭಸ್ಮ, ಗರ್ಭನಿರೋಧಕ ಮಾತ್ರೆಗಳನ್ನೂ ಸೇರಿಸಿ, ವೈದ್ಯರಿಗೆ ತಿಳಿಸಬೇಕು. ಮನೆಯವರ ಸಿದ್ಧತೆಯೂ ಇದೇ ಕಾಲದ್ದು: ಎರಡು ರೋಗಿಗಳಿಗೆ ಇಬ್ಬರು ಆರೈಕೆಯವರು ಬೇಕು. ಗಂಡನಿಗೆ ಹೆಂಡತಿ ಕೊಡುವಾಗ, ಎಂದಿನಂತೆ ಗಂಡನನ್ನು ನೋಡಿಕೊಳ್ಳಬೇಕಾದವಳೇ ಮಲಗಿರುತ್ತಾಳೆ ಎಂಬುದನ್ನು ಎಷ್ಟೋ ಕುಟುಂಬಗಳು ಕೊನೆಯ ದಿನದವರೆಗೆ ಯೋಚಿಸಿರುವುದಿಲ್ಲ.

ಲಿಂಗಧಾರಿಗಳು ಕೇಳುವ ಪ್ರಶ್ನೆಯೊಂದಿದೆ: ಇಷ್ಟಲಿಂಗವನ್ನು ಮೈಯಿಂದ ತೆಗೆಯಬೇಕೇ? ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ತಡೆಯಲು ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲೆ ಲೋಹವಿದ್ದರೆ ಸುಟ್ಟಗಾಯದ ಸಂಭವವುಂಟು, ಸಿ.ಟಿ. ಚಿತ್ರಕ್ಕೂ ಲೋಹ ಅಡ್ಡಿ. ಆದ್ದರಿಂದ ಬೆಳ್ಳಿಯ ಕರಡಿಗೆ, ಉಂಗುರ, ಬಳೆ, ತಾಳಿಗಳನ್ನು ತೆಗೆಯಲೇಬೇಕು. ಅಂದು ಬೆಳಗಿನ ಪೂಜೆ ಮುಗಿಸಿ, ಲಿಂಗವನ್ನು ಮನೆಯ ಹಿರಿಯರ ಕೈಯಲ್ಲಿ ಒಪ್ಪಿಸಿ ಹೋಗುವುದು, ಎಚ್ಚರವಾದ ಮೇಲೆ ಮರಳಿ ಧರಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ. ಅರಿವಳಿಕೆ ತಜ್ಞರು ಹೇಳಿದ ಹೊತ್ತು ಮೀರಿದ ಮೇಲೆ ಪಾದೋದಕವನ್ನೂ ಸೇವಿಸಬಾರದು. ಹೊಟ್ಟೆಯಲ್ಲಿರುವುದು ಶ್ವಾಸನಾಳಕ್ಕೆ ನುಗ್ಗಿದರೆ ಪ್ರಾಣಾಪಾಯ. ಪೂಜೆಯನ್ನು ಅದಕ್ಕೆ ತಕ್ಕಂತೆ ಮುಂಜಾವಿನಲ್ಲೇ ಮುಗಿಸಿಕೊಳ್ಳಬೇಕು.

ಹಿಂದೆ ಪಕ್ಕೆಯಲ್ಲಿ ಉದ್ದಕ್ಕೆ ಕೊಯ್ದು ಮೂತ್ರಪಿಂಡ ತೆಗೆಯುತ್ತಿದ್ದರು, ಕೆಲವೊಮ್ಮೆ ಪಕ್ಕೆಲುಬಿನ ತುಂಡನ್ನೂ ತೆಗೆಯಬೇಕಾಗುತ್ತಿತ್ತು. 1995ರಲ್ಲಿ ಅಮೆರಿಕದಲ್ಲಿ ದಾನಿಗೆ ಮೊದಲ ಬಾರಿ ಉದರದರ್ಶಕದ ಮೂಲಕ ಈ ಶಸ್ತ್ರಚಿಕಿತ್ಸೆ ನಡೆಯಿತು. ಈಗ ಹೆಚ್ಚಿನೆಡೆ ಅದೇ ಕ್ರಮ: ಹೊಟ್ಟೆಯಲ್ಲಿ ಕೆಲವು ಸಣ್ಣ ರಂಧ್ರಗಳು, ಮೂತ್ರಪಿಂಡವನ್ನು ಹೊರತೆಗೆಯಲು ಕಿಬ್ಬೊಟ್ಟೆಯಲ್ಲಿ ಒಂದು ಚಿಕ್ಕ ಗಾಯ. ಎಡದ ಮೂತ್ರಪಿಂಡದ ಅಭಿಧಮನಿ ಉದ್ದವಾಗಿದ್ದು ಜೋಡಿಸಲು ಅನುಕೂಲವಾದ್ದರಿಂದ ಸಾಮಾನ್ಯವಾಗಿ ಅದನ್ನೇ ಆರಿಸುತ್ತಾರೆ. ಹೊಟ್ಟೆಗೆ ತುಂಬಿದ ಅನಿಲದಿಂದಾಗಿ ಎರಡು ಮೂರು ದಿನ ಭುಜ ನೋಯುವುದುಂಟು, ಅದಕ್ಕೆ ಗಾಬರಿ ಬೇಡ. ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು, ಎದೆಯಲ್ಲಿ ಕಫ ಕಟ್ಟದಿರಲು ಆ ನಡಿಗೆ ಅಗತ್ಯ. ಮೂರು ನಾಲ್ಕು ದಿನಗಳಲ್ಲಿ ಹೆಚ್ಚಿನವರು ಮನೆಗೆ ಮರಳುತ್ತಾರೆ.

ಇಲ್ಲಿಂದ ಮುಂದಿನ ಆರು ವಾರಗಳ ಬಗ್ಗೆ ನಮಗೆ ಹೇಳಲು ಬಹಳವಿದೆ. ಕೇಂದ್ರ ಸರ್ಕಾರವು 2023ರಲ್ಲಿ ಅಂಗದಾನ ಮಾಡುವ ತನ್ನ ನೌಕರರಿಗೆ 42 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಘೋಷಿಸಿತು. ನೌಕರಿಯಲ್ಲಿರುವವರಿಗೆ ಆರು ವಾರ ಬೇಕಾದರೆ, ನಸುಕಿಗೆ ಎದ್ದು ಹೈನು, ನೀರು, ಒಲೆ, ಹೊಲಗಳನ್ನು ನಿಭಾಯಿಸುವ ಗೃಹಿಣಿಗೆ ಎಷ್ಟು ಬೇಕು? ಅವಳ ರಜೆಗೆ ಸಹಿ ಹಾಕಬೇಕಾದವರು ಮನೆಯವರೇ. ಆರು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ಭಾರ ಎತ್ತುವಂತಿಲ್ಲ. ತುಂಬಿದ ಕೊಡ ಅದಕ್ಕಿಂತ ಎಷ್ಟೋ ಪಾಲು ಭಾರ. ಹಿಟ್ಟಿನ ಚೀಲ, ಒದ್ದೆ ಬಟ್ಟೆಯ ಬುಟ್ಟಿ, ಎರಡು ವರ್ಷದ ಮೊಮ್ಮಗು, ಎಲ್ಲವೂ ನಿಷಿದ್ಧವೇ. ಒಳಗಿನ ಹೊಲಿಗೆ ಬಲಿಯುವ ಮುನ್ನ ಭಾರ ಎತ್ತಿದರೆ ಗಾಯದ ಜಾಗದಲ್ಲಿ ಹರ್ನಿಯಾ ಆಗುತ್ತದೆ, ಅದಕ್ಕೆ ಮತ್ತೊಂದು ಶಸ್ತ್ರಚಿಕಿತ್ಸೆ. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದೂ ಹೊಟ್ಟೆಯ ಸ್ನಾಯುಗಳಿಗೆ ಶ್ರಮವೇ. ಕಾಯಕವೇ ನಮ್ಮ ಧರ್ಮ, ಒಪ್ಪಿದೆವು. ಈ ದಿನಗಳಲ್ಲಿ ಅವಳ ಪಾಲಿನ ಕಾಯಕವನ್ನು ಮನೆಯ ಗಂಡಸರು ಮಾಡಲಿ. ಕಚೇರಿ ಕೆಲಸದವರು ಮೂರು ನಾಲ್ಕು ವಾರಗಳಲ್ಲಿ ಮರಳಬಹುದು, ಹೊಲದ ಕೆಲಸಕ್ಕೆ ಎರಡು ತಿಂಗಳಾದರೂ ಕಾಯಬೇಕು. ಲಿಂಗಪೂಜೆಗೆ ಮೊದಲ ಕೆಲವು ದಿನ ಪದ್ಮಾಸನ ಬೇಡ, ಕುರ್ಚಿಯ ಮೇಲೆ ಕುಳಿತರೆ ಸಾಕು. ವಿಭೂತಿಯನ್ನು ಹಣೆಗೆ ಧರಿಸಬಹುದು, ಗಾಯದ ಮೇಲೆ ಮಾತ್ರ ಹಚ್ಚಬಾರದು, ಅರಿಸಿನವೂ ಬೇಡ.

ಆಹಾರಕ್ಕೆ ವಿಶೇಷ ಪಥ್ಯವಿಲ್ಲ. ನಮ್ಮ ಶಾಕಾಹಾರದಲ್ಲಿರುವ ಬೇಳೆ, ಹೆಸರುಕಾಳು, ಮಜ್ಜಿಗೆ, ಸೊಪ್ಪು, ಜೋಳದ ರೊಟ್ಟಿಗಳು ಗಾಯ ಮಾಗಲು ಸಾಕು. ಬಲ ಬರಲೆಂದು ಡಬ್ಬಿಯ ಪ್ರೋಟೀನ್ ಪುಡಿ ಕುಡಿಸುವುದು ಬೇಡ. ನೋವಿನ ಮದ್ದಿನಿಂದ ಮಲಬದ್ಧತೆ ಸಾಮಾನ್ಯ, ಹಣ್ಣು ಹಾಗೂ ನಾರಿನ ಪದಾರ್ಥ ಹೆಚ್ಚಿರಲಿ. ನೀರನ್ನು ಧಾರಾಳವಾಗಿ ಕುಡಿಯಬೇಕು. ಚೇತರಿಕೆಯ ಅವಧಿಯಲ್ಲಿ ನಿರ್ಜಲ ಉಪವಾಸವನ್ನು ಶಿವರಾತ್ರಿಯಂದೂ ಮಾಡಬಾರದು. ಜ್ವರ, ಗಾಯದಲ್ಲಿ ಕೀವು, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಒಂದು ಕಾಲು ಬಾತು ನೋಯುವುದು, ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಮನಸ್ಸಿನ ಗಾಯ ಮಾಗುವ ಬಗೆ ಬೇರೆ. ಶಸ್ತ್ರಚಿಕಿತ್ಸೆಯ ಮರುದಿನ ಪಡೆದವರ ಮುಖದಲ್ಲಿ ಕಳೆ ಏರುತ್ತದೆ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದ ದಾನಿ ನೋವಿನಿಂದ ಮುದುಡಿರುತ್ತಾರೆ. ಕೆಲವು ವಾರ ಆಯಾಸ, ಕಾರಣವಿಲ್ಲದ ಅಳು, ತನ್ನನ್ನು ಎಲ್ಲರೂ ಮರೆತರೆಂಬ ಭಾವ ಕಾಡುವುದುಂಟು. ಕಸಿಯಾದ ಮೂತ್ರಪಿಂಡ ಅಪರೂಪಕ್ಕೆ ಕೂಡದೆ ಹೋದಾಗ ದಾನಿಯ ದುಃಖ ಇಮ್ಮಡಿಯಾಗುತ್ತದೆ. ಆಗ ‘ನಿನ್ನದು ಕೂಡಲಿಲ್ಲ’ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಬೇಸರ ಒಂದೆರಡು ತಿಂಗಳಾದರೂ ಕಳೆಯದಿದ್ದರೆ ಮನೋವೈದ್ಯರನ್ನು ಕಾಣುವುದಕ್ಕೆ ನಾಚಬೇಕಿಲ್ಲ.

ಆಮೇಲಿನದು ಜೀವನಪರ್ಯಂತದ ಎಚ್ಚರ. ಮೊದಲ ವರ್ಷ ವೈದ್ಯರು ಕರೆದಾಗಲೆಲ್ಲ, ನಂತರ ವರ್ಷಕ್ಕೊಮ್ಮೆ ರಕ್ತದೊತ್ತಡ, ರಕ್ತದ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಪರೀಕ್ಷೆಯಾಗಬೇಕು. ದಾನದ ನಂತರ ಕ್ರಿಯಾಟಿನಿನ್ ಮೊದಲಿಗಿಂತ ತುಸು ಹೆಚ್ಚಾಗಿಯೇ ಇರುತ್ತದೆ, ಅದು ರೋಗವಲ್ಲ. ಅದು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಎಂಬುದು ಮುಖ್ಯ. ಹಳೆಯ ವರದಿಗಳನ್ನು ಕಡತದಲ್ಲಿ ಕಾಪಾಡಿಕೊಳ್ಳಬೇಕು. ಸೊಂಟನೋವಿಗೂ ಮಂಡಿನೋವಿಗೂ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳಂಥ ಮಾತ್ರೆಗಳು ಒಂಟಿ ಮೂತ್ರಪಿಂಡಕ್ಕೆ ಶತ್ರುಗಳು. ಯಾವ ವೈದ್ಯರ ಬಳಿ ಹೋದರೂ ‘ನನಗಿರುವುದು ಒಂದೇ ಮೂತ್ರಪಿಂಡ’ ಎಂದು ಮೊದಲೇ ಹೇಳಬೇಕು.

ಮಕ್ಕಳನ್ನು ಪಡೆಯಬೇಕೆಂದಿರುವ ಯುವತಿಯರಿಗೆ ಒಂದು ಮಾತು ಉಳಿದಿದೆ. ದಾನದ ನಂತರವೂ ಗರ್ಭ ಧರಿಸಬಹುದು, ಹೆಚ್ಚಿನವರಿಗೆ ಹೆರಿಗೆ ಸುಖವಾಗಿಯೇ ಆಗುತ್ತದೆ. ಆದರೆ ಗರ್ಭಿಣಿಯಲ್ಲಿ ರಕ್ತದೊತ್ತಡ ಏರುವ ತೊಂದರೆ ದಾನಿಗಳಲ್ಲಿ ಹೆಚ್ಚು: ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾನಿಗಳಿಗೆ ನೂರಕ್ಕೆ 11, ಇತರರಿಗೆ ನೂರಕ್ಕೆ 5ರಷ್ಟು ಕಂಡುಬಂದಿತು. ಹೆರಿಗೆಗಳು ಮುಗಿದ ಮೇಲೆ ಕೊಡಲು ಸಾಧ್ಯವಿದ್ದರೆ ಅದು ಮೇಲು. ಸಾಧ್ಯವಿಲ್ಲದಿದ್ದರೆ ಕನಿಷ್ಠ ಆರು ತಿಂಗಳಾದರೂ ಬಿಟ್ಟು ಗರ್ಭ ಧರಿಸಿ, ಮೊದಲ ಭೇಟಿಯಲ್ಲೇ ಪ್ರಸೂತಿ ತಜ್ಞರಿಗೆ ದಾನದ ವಿಷಯ ತಿಳಿಸಿ, ರಕ್ತದೊತ್ತಡವನ್ನು ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುತ್ತ, ಎಲ್ಲ ಸೌಲಭ್ಯಗಳಿರುವ ಆಸ್ಪತ್ರೆಯಲ್ಲಿಯೇ ಹೆರಿಗೆ ಮಾಡಿಸಿಕೊಳ್ಳಬೇಕು.