ಊರಿನ ಅಂಕಪಟ್ಟಿಯಲ್ಲಿ ಕಾಲುಸಂಕಕ್ಕೆ ಎಷ್ಟು ಅಂಕ?

ಪರೀಕ್ಷೆ ಬರೆದ ಮಕ್ಕಳಿಗೆ ರ‍್ಯಾಂಕ್ ಬರುವುದು ಎಲ್ಲರಿಗೂ ಗೊತ್ತು. ಈಗ ಊರುಗಳಿಗೂ ರ‍್ಯಾಂಕ್ ಬರುತ್ತದೆ. ಯಾವ ನಗರ ವಾಸಕ್ಕೆ ಯೋಗ್ಯ, ಯಾವುದು ಅಲ್ಲ ಎಂದು ಅಂಕ ಹಾಕಿ ಪಟ್ಟಿ ಮಾಡುವವರಿದ್ದಾರೆ. ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಮುಂದೆ ಎಲ್ಲಿಗೆ ಕಳುಹಿಸುವುದು ಎಂಬ ಯೋಚನೆಯಲ್ಲಿರುವ ಹೆತ್ತವರ ಕಣ್ಣಿಗೂ ಇಂಥ ಪಟ್ಟಿ ಬೀಳುತ್ತದೆ. ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಬೆಂಗಳೂರನ್ನೇ ನೋಡಿ. ಕೇಂದ್ರ ಸರಕಾರ 2018ರಲ್ಲಿ 111 ನಗರಗಳ ಸುಗಮ ಜೀವನ ಸೂಚ್ಯಂಕ ಪ್ರಕಟಿಸಿದಾಗ ಅದಕ್ಕೆ ಸಿಕ್ಕಿದ್ದು 58ನೇ ಸ್ಥಾನ. 2021ರ ಮಾರ್ಚ್‌ನಲ್ಲಿ ಬಂದ ಮುಂದಿನ ಪಟ್ಟಿಯಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳ ಪೈಕಿ ಅದೇ ಮೊದಲನೆಯದು! 2022ರಲ್ಲಿ ಲಂಡನ್ನಿನ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಹೊರಡಿಸಿದ ಜಾಗತಿಕ ಪಟ್ಟಿಯಲ್ಲಿ, ಭಾರತದ ಐದು ನಗರಗಳಲ್ಲಿ ಅದೇ ಕೊನೆಯದು. ನಾಲ್ಕು ವರ್ಷಗಳಲ್ಲಿ ಬೆಂಗಳೂರು ಇಷ್ಟು ಏರಿ ಇಳಿಯಿತೇ? ಇಲ್ಲ. ಬದಲಾದದ್ದು ಪ್ರಶ್ನೆಪತ್ರಿಕೆ, ಬದಲಾದವರು ಮೌಲ್ಯಮಾಪಕರು.

ಪ್ರಶ್ನೆ ಯಾರದು?

ಲಂಡನ್ನಿನ ಪಟ್ಟಿ ಸ್ಥಿರತೆ, ಆರೋಗ್ಯ ಸೇವೆ, ಸಂಸ್ಕೃತಿ-ಪರಿಸರ, ಶಿಕ್ಷಣ, ಮೂಲಸೌಕರ್ಯ ಎಂಬ ಐದು ವಿಷಯಗಳಿಗೆ ಅಂಕ ಕೊಡುತ್ತದೆ. ಹೊರದೇಶಕ್ಕೆ ಕಳುಹಿಸುವ ನೌಕರರಿಗೆ ಎಷ್ಟು ಭತ್ಯೆ ಕೊಡಬೇಕೆಂದು ಲೆಕ್ಕ ಹಾಕುವ ಕಂಪೆನಿಗಳಿಗೆ ಇಂಥ ಪಟ್ಟಿ ಉಪಯುಕ್ತ. ನಮ್ಮ ಸರಕಾರದ ಪಟ್ಟಿ 2021ರಲ್ಲಿ ನಾಗರಿಕರ ಅಭಿಪ್ರಾಯಕ್ಕೇ ನೂರರಲ್ಲಿ 30 ಅಂಕ ಇಟ್ಟಿತ್ತು. 32 ಲಕ್ಷ ಜನರನ್ನು ಕೇಳಿತ್ತು. ಮೆಚ್ಚಬೇಕಾದ ಮಾತೇ. ಆದರೆ ಅಪಾರ್ಟ್‌ಮೆಂಟಿನವರಿಗೂ ಕೊಳೆಗೇರಿಯವರಿಗೂ ಕೊನೆಗೆ ಸಿಗುವುದು ಒಂದೇ ಸರಾಸರಿ.

ಆ ಪಟ್ಟಿಯಲ್ಲಿ ನಮ್ಮ ಕರಾವಳಿಯಿಂದ ಇದ್ದದ್ದು ಮಂಗಳೂರು ಮಾತ್ರ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳು ಪರೀಕ್ಷೆಗೇ ಕುಳಿತಿಲ್ಲ. ಕುಳಿತಿದ್ದರೆ ನಮ್ಮ ಪ್ರಶ್ನೆಗಳು ಯಾವುವಾಗಿರುತ್ತಿದ್ದವು?

ಮೊದಲನೆಯದು ಮಳೆಗಾಲದ್ದು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಒಂದು ತಾಲೂಕಿನಲ್ಲಿ ಎಷ್ಟು ಶಾಲೆಗಳಿವೆ ಎಂದು ಎಣಿಸುವ ಪಟ್ಟಿ, ಜುಲೈ ತಿಂಗಳಲ್ಲಿ ಮಗು ಆ ಶಾಲೆಗೆ ತಲುಪುವುದು ಹೇಗೆಂದು ಕೇಳುವುದಿಲ್ಲ.

ಎರಡನೆಯದು ದೂರದ್ದು. ಕುಂದಾಪುರದಲ್ಲಿ ನಿಂತರೆ ಪಂಚಗಂಗಾವಳಿಯ ಆಚೆ ದಡದಲ್ಲಿ ಗಂಗೊಳ್ಳಿ ಕಾಣುತ್ತದೆ. ರಸ್ತೆಯಲ್ಲಿ ಹೋಗುವುದಾದರೆ ಹೆಮ್ಮಾಡಿ, ತ್ರಾಸಿ ಸುತ್ತಬೇಕು. ಕಣ್ಣಿಗೆ ಹತ್ತಿರ, ಕಾಲಿಗೆ ದೂರ.

ಮೂರನೆಯದು ರಸ್ತೆಯದೇ. ಚತುಷ್ಪಥ ಹೆದ್ದಾರಿ 66 ಬಂದ ಮೇಲೆ ಕಾರಿನಲ್ಲಿ ಹೋಗುವವರ ಸಮಯ ಉಳಿಯಿತು. ಅವರು ಹೆದ್ದಾರಿಗೆ ಪೂರ್ತಿ ಅಂಕ ಕೊಟ್ಟಾರು. ಬ್ರಹ್ಮಾವರದಲ್ಲಿ ಬಸ್ಸಿಳಿದು ಆಚೆ ಬದಿಗೆ ದಾಟಬೇಕಾದ ವಿದ್ಯಾರ್ಥಿನಿ ಅದೇ ಹೆದ್ದಾರಿಗೆ ಎಷ್ಟು ಕೊಟ್ಟಾಳು? ಹೊಳೆ, ಕಡಲ ಅಂಚಿನ ಮನೆಗಳನ್ನು ಕೇಳಿದರೆ ನಾಲ್ಕನೆಯ ಪ್ರಶ್ನೆಯೂ ಸಿಗುತ್ತದೆ: ಏಪ್ರಿಲ್, ಮೇಯಲ್ಲಿ ಬಾವಿಯ ನೀರು ಸಿಹಿಯೋ, ಉಪ್ಪೋ?

ಹಾಗೆಂದು ಪಟ್ಟಿಗಳೆಲ್ಲ ಸುಳ್ಳು, ನಮ್ಮೂರೇ ಸ್ವರ್ಗ ಎಂದು ಹೇಳಿಕೊಳ್ಳುವುದೂ ಸರಿಯಲ್ಲ. ಸ್ವರ್ಗವಾಗಿದ್ದರೆ ಬೆಂಗಳೂರಿನ ರಾತ್ರಿ ಬಸ್ಸುಗಳು ನಮ್ಮ ಮಕ್ಕಳಿಂದ ತುಂಬುತ್ತಿರಲಿಲ್ಲ. ಕೆಲಸ, ಕಾಲೇಜು, ದೊಡ್ಡ ಆಸ್ಪತ್ರೆಗಳಿಗೆ ಅಂಕ ಕೊಡುವುದು ನ್ಯಾಯವೇ. ಆದರೆ ಆ ನಗರದಲ್ಲಿ ಮಗನ ಕೋಣೆಯ ಬಾಡಿಗೆ ಎಷ್ಟು, ಕಾಲೇಜಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು, ಬೇಸಿಗೆಯಲ್ಲಿ ನೀರು ಬರುತ್ತದೆಯೇ ಎಂಬುದನ್ನು ಅಲ್ಲಿ ಈಗಾಗಲೇ ಓದುತ್ತಿರುವ ನೆರೆಮನೆಯ ಹುಡುಗನನ್ನೇ ಕೇಳಬೇಕು. ರ‍್ಯಾಂಕ್ ಅದನ್ನು ಹೇಳದು.

ಮಕ್ಕಳೇ ಮೌಲ್ಯಮಾಪಕರು

ನಮ್ಮ ಊರಿಗೆ ನಾವೇ ಅಂಕ ಹಾಕುವುದು ಇಲ್ಲಿ ಹೊಸತೇನಲ್ಲ. 1990ರ ದಶಕದಲ್ಲೇ ಕುಂದಾಪುರ ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತ್‌ಗಳು ನಡೆದವು. ಮಕ್ಕಳು ತಮ್ಮ ಊರಿನ ಕೊರತೆಗಳನ್ನು ತಾವೇ ಲೆಕ್ಕ ಹಾಕಿ ಹಿರಿಯರ ಮುಂದಿಟ್ಟರು. ಇಂದು ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಕ್ರಮವಿದೆ.

ಈ ಸಲದ ಸಭೆಗೆ ವಿದ್ಯಾರ್ಥಿಗಳು ಒಂದು ಪಟ್ಟಿ ಒಯ್ಯಲಿ. ಶಾಲೆಯ ದಾರಿಯಲ್ಲಿ ಕೈತಾಂಗು ಇಲ್ಲದ ಸಂಕಗಳು ಎಷ್ಟು? ಕಡೆಯ ಬಸ್ಸು ಎಷ್ಟು ಗಂಟೆಗೆ? ಯಾವ ತಿಂಗಳಿನಿಂದ ಬಾವಿ ಉಪ್ಪಾಗುತ್ತದೆ? ಹೆತ್ತವರು ಜತೆಗೆ ನಿಂತು ಲೆಕ್ಕ ಸರಿಯಿದೆಯೇ ಎಂದು ನೋಡಲಿ. ಇದರಿಂದ ಊರಿಗೆ ರ‍್ಯಾಂಕ್ ಬಾರದಿರಬಹುದು. ಒಂದು ಸಂಕಕ್ಕೆ ಕೈತಾಂಗು ಬಂದರೂ ಸಾಕು, ಊರು ಅಷ್ಟರ ಮಟ್ಟಿಗೆ ಪಾಸಾದಂತೆ.