ಭಾರಶ್ರಮವೂ ಜಲಪಾನವೂ

ಭಾರವನ್ನೆತ್ತುವ ವ್ಯಾಯಾಮವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸು. 1129ರಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದಪ್ರಕರಣದಲ್ಲಿ ಜಟ್ಟಿಗಳ ಅಭ್ಯಾಸಗಳೊಳಗೆ ಭಾರಶ್ರಮವೂ ಪರಿಗಣಿತವಾಗಿದೆ. ಇಂತಹ ಶ್ರಮದ ನಡುವೆ ನೀರು ಕುಡಿಯಲಾಗದೆಂಬ ಮಾತು ವ್ಯಾಯಾಮಶಾಲೆಗಳಲ್ಲಿ ಕೇಳಿಬರುವುದುಂಟು. ಅದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುವೆವು.

ಮಾಂಸಪೇಶಿಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಆಗಿರುವುದು. ಬೆವರು ಹರಿದಂತೆ ರಕ್ತದೊಳಗಣ ದ್ರವಾಂಶವು ಕುಗ್ಗುವುದು. ಹೃದಯವು ಹೆಚ್ಚು ವೇಗದಿಂದ ಮಿಡಿಯಬೇಕಾಗುವುದು. ಒಳಗೆ ಹುಟ್ಟಿದ ಉಷ್ಣವು ಚರ್ಮದ ಮೂಲಕ ಹೊರಹೋಗುವುದು ಕಷ್ಟವಾಗುವುದು.

ಹಾಗಾದರೆ ನೀರು ತಗ್ಗಿದಷ್ಟೂ ಬಲವು ಅದೇ ಪ್ರಮಾಣದಲ್ಲಿ ತಗ್ಗುವುದೋ ಎಂದರೆ, ಇಲ್ಲ. ಅನೇಕ ಪರೀಕ್ಷೆಗಳನ್ನು ಕ್ರೋಡೀಕರಿಸಿ 2007ರಲ್ಲಿ ಅಮೆರಿಕದ ವಿದ್ವಾಂಸರು ಪ್ರಕಟಿಸಿದ ವಿಮರ್ಶೆಯ ಪ್ರಕಾರ, ದೇಹದ ತೂಕದಲ್ಲಿ ನೂರಕ್ಕೆ 3-4ರಷ್ಟು ನೀರು ನಷ್ಟವಾದಾಗ ಬಲವು ನೂರಕ್ಕೆ ಸುಮಾರು 2ರಷ್ಟೂ, ಬಲವನ್ನು ವೇಗದಿಂದ ಪ್ರಯೋಗಿಸುವ ಸಾಮರ್ಥ್ಯವು ಸುಮಾರು 3ರಷ್ಟೂ, ಅರ್ಧ ನಿಮಿಷದಿಂದ ಎರಡು ನಿಮಿಷಗಳವರೆಗಿನ ತೀವ್ರಶ್ರಮವನ್ನು ಸಹಿಸುವ ಶಕ್ತಿಯು ಸುಮಾರು 10ರಷ್ಟೂ ಕುಂದುವುವು. 60 ಕಿಲೋಗ್ರಾಂ ತೂಗುವವನಿಗೆ ಇದು ಸುಮಾರು 2 ಲೀಟರು ಬೆವರಿನ ನಷ್ಟ. ಒಮ್ಮೆ ಮಾತ್ರ ಭಾರವನ್ನೆತ್ತುವವನಿಗೆ ಈ ಕೊರತೆಯು ಅಷ್ಟಾಗಿ ತೋರದು. ಮತ್ತೆ ಮತ್ತೆ ಎತ್ತುವವನಿಗೆ ಸ್ಪಷ್ಟವಾಗಿ ತೋರುವುದು. ಬಲವು ಬೆಳೆಯುವುದು ಆವೃತ್ತಿಯಿಂದಲೇ ಆದುದರಿಂದ ಅಭ್ಯಾಸಿಗೆ ಈ ಎರಡನೆಯ ನಷ್ಟವೇ ದೊಡ್ಡದು.

ಒಂದು ಬಾರಿಯ ಬಲಕ್ಕೆ ಹೆಚ್ಚು ಹಾನಿಯಿಲ್ಲವಾದರೆ, ಸ್ಪರ್ಧೆಗೆ ಮುನ್ನ ದೇಹವನ್ನು ಒಣಗಿಸಿ ಕೆಳಗಿನ ತೂಕದ ವರ್ಗಕ್ಕೆ ಇಳಿಯಬಹುದಲ್ಲವೆ ಎಂದು ಕೆಲವರು ಶಂಕಿಸಬಹುದು. ಇದಕ್ಕೆ ಸಮಾಧಾನವು ದುಃಖಕರವಾದುದು. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು, ಅನ್ನಪಾನಗಳನ್ನು ಮಿತಗೊಳಿಸಿ, ಬೆವರು ಆರದಂತಹ ಉಡುಪುಗಳನ್ನು ಧರಿಸಿ, ಬಿಸಿಯಾದ ಸ್ಥಳದಲ್ಲಿ ಶ್ರಮಿಸುತ್ತ, ಐದು ವಾರಗಳೊಳಗಾಗಿ ಒಬ್ಬರ ಹಿಂದೊಬ್ಬರು ಮೃತರಾದರು. ಆ ಬಳಿಕ 1998ರಲ್ಲಿ ಅಲ್ಲಿಯ ಕಾಲೇಜು ಕ್ರೀಡಾಮಂಡಲಿಯು ಅಂತಹ ಉಡುಪುಗಳನ್ನೂ ಉಷ್ಣಗೃಹಗಳ ಬಳಕೆಯನ್ನೂ ನಿಷೇಧಿಸಿತು. ತೋಳಿನಲ್ಲಿ ಬಲವುಳಿದಿದೆಯೆಂಬುದು ಪ್ರಾಣಕ್ಕೆ ಕ್ಷೇಮವೆಂಬುದಕ್ಕೆ ಪ್ರಮಾಣವಾಗಲಾರದು.

ಇನ್ನು ಪಾನದ ಪ್ರಮಾಣ. ವ್ಯಾಯಾಮದ ಮುಂಚೆಯೂ ಅನಂತರವೂ ದೇಹವನ್ನು ತೂಗಿ ನೋಡಿದರೆ, ತಗ್ಗಿದ ಒಂದು ಕಿಲೋಗ್ರಾಂ ತೂಕವು ಸುಮಾರು ಒಂದು ಲೀಟರು ನೀರಿನ ನಷ್ಟವೆಂದು ತಿಳಿಯಬೇಕು. ಅದನ್ನು ಸ್ವಲ್ಪಸ್ವಲ್ಪವಾಗಿ ತುಂಬಿಕೊಳ್ಳುವುದು ಯುಕ್ತ. ಬೆವರಿನೊಡನೆ ಲವಣವೂ ಹೋಗುವುದರಿಂದ ಆಹಾರದಲ್ಲಿ ಅದೂ ಬೇಕು. ನಷ್ಟವನ್ನು ಮೀರಿ ಅತಿಯಾಗಿ ಕುಡಿದರೆ ರಕ್ತದಲ್ಲಿಯ ಲವಣಾಂಶವು ತೆಳುವಾಗಿ, ಅದೂ ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಬಲಶಾಲಿಯೂ ಅರ್ಧಶಕ್ತಿಯಿಂದಲೇ ವ್ಯಾಯಾಮ ಮಾಡಬೇಕೆಂದು ವಿಧಿಸಿ, ಅತಿವ್ಯಾಯಾಮದ ದೋಷಗಳನ್ನು ಎಣಿಸುವಾಗ ತೃಷ್ಣೆಯನ್ನೇ ಮೊದಲು ಹೇಳಿರುವನು. ಬಾಯಾರಿಕೆಯನ್ನು ಗೆಲ್ಲುವುದು ಪೌರುಷವೆಂದು ಶಿಷ್ಯರಿಗೆ ಬೋಧಿಸುವವರು ಈ ಕ್ರಮವನ್ನು ಗಮನಿಸುವುದು ಒಳ್ಳೆಯದು.